ಸೋರಿಯಾಸಿಸ್ ಇರುವವರಿಗೆ ಬಡಿಸುವಾಗ

ನಮ್ಮ ಯಜಮಾನರು ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು. ನಾನು ಪೇಟೆಯಲ್ಲಿ ಸಣ್ಣ ಮೆಸ್ ನಡೆಸುತ್ತೇನೆ. ಅವರ ಮೊಣಕೈ, ಮಂಡಿ, ನೆತ್ತಿಯಲ್ಲಿ ಬಹಳ ವರ್ಷಗಳಿಂದ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇರುವುದರಿಂದ, ಮನೆಯಲ್ಲಿ ಇದೇ ಕಾಯಿಲೆ ಇರುವವರು ಬಂದು ನನ್ನನ್ನು ಕೇಳುತ್ತಾರೆ: "ಪಥ್ಯ ಏನು ಮಾಡುತ್ತೀರಿ?" ಊಟದಿಂದ ಇದು ವಾಸಿಯಾಗುವುದಿಲ್ಲ, ಮುಲಾಮು, ಮಾತ್ರೆ ಬಿಡಬೇಡಿ. ಕಾಯಿಲೆಯ ಆರ್ಭಟವನ್ನು ತಗ್ಗಿಸುವಷ್ಟು ಕೆಲಸ ಮಾತ್ರ ಅಡುಗೆಮನೆಯದು.

ಮೊದಲು ಟೈಲರ್ ಟೇಪಿನಿಂದ ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಬೊಜ್ಜು ಇಳಿಸುವುದೇ ಮುಖ್ಯ ಪಥ್ಯ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ, ಸುಮಾರು ಒಂದು ತಿಂಗಳಲ್ಲಿ ಬೆಳೆದು ಉದುರಬೇಕಾದ ಚರ್ಮದ ಕೋಶಗಳು ಕೆಲವೇ ದಿನಗಳಲ್ಲಿ ಮೇಲೆ ಬಂದು ಹೊಟ್ಟಾಗಿ ಕೂರುತ್ತವೆ. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಹೊಟ್ಟೆಯ ಕೊಬ್ಬು ಕೂಡ ಸ್ರವಿಸುತ್ತದೆ. ಸೋರಿಯಾಸಿಸ್‌ಗೆ ಕೊಡುವ ದುಬಾರಿ ಇಂಜೆಕ್ಷನ್‌ಗಳಲ್ಲಿ ಕೆಲವು ತಡೆಯುವುದು ಇದನ್ನೇ. ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್‌ನ ವೈದ್ಯಕೀಯ ಮಂಡಳಿ 2018ರಲ್ಲಿ ಕೊಟ್ಟ ಆಹಾರ ಸಲಹೆಗಳಲ್ಲಿ ಹೆಚ್ಚು ಒತ್ತು ಸಿಕ್ಕಿದ್ದೂ ತೂಕ ಹೆಚ್ಚಿರುವವರು ಅದನ್ನು ಇಳಿಸಬೇಕೆಂಬುದಕ್ಕೆ. 80 ಕೆಜಿ ಇರುವವರು 4ರಿಂದ 8 ಕೆಜಿ ಇಳಿಸಿದರೂ ಚರ್ಮ ಸುಧಾರಿಸಬಹುದು, ಔಷಧಿಯೂ ಚೆನ್ನಾಗಿ ಹಿಡಿಯಬಹುದು.

ನಮ್ಮ ಕಡೆ ಕಾಫಿಯ ಲೋಟದಿಂದಲೇ ಶುರು ಮಾಡಬೇಕು. ಕಾಫಿಯದು ತಪ್ಪಿಲ್ಲ, ಸಕ್ಕರೆಯದು. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 40 ಗ್ರಾಂ ದಾಟಿತು. ಬೆಲ್ಲ ಹಾಕಿದರೂ ಲೆಕ್ಕ ಅಷ್ಟೇ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಅಕ್ಕಿ ರೊಟ್ಟಿ, ಕಡುಬು ಬಿಡಬೇಕಾಗಿಲ್ಲ. ಸಂಖ್ಯೆ ತಗ್ಗಿಸಿ, ಪಕ್ಕಕ್ಕೆ ಹುರುಳಿ ಸಾರು, ಸೊಪ್ಪಿನ ಪಲ್ಯ ಹೆಚ್ಚಿಗೆ ಬಡಿಸಿ. ರಾಗಿ ಒಳ್ಳೆಯದೆಂದು ತೆಂಗಿನಕಾಯಿ ಗಾತ್ರದ ಮುದ್ದೆ ಕಟ್ಟಿದರೆ ಪ್ರಯೋಜನವಿಲ್ಲ. ಹಂದಿ ಮಾಂಸದ ಸಾರು ಪ್ರತಿ ಭಾನುವಾರ ಬೇಡ. ಅಡುಗೆ ಎಣ್ಣೆಯನ್ನು ನಾನು ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನಂತೆ ಅಳೆದು ಬೇರೆ ಡಬ್ಬಿಯಲ್ಲಿಡುತ್ತೇನೆ.

ಮೀನು ತಿನ್ನುವವರಾದರೆ ಕರಾವಳಿಯಿಂದ ಚಾರ್ಮಾಡಿ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆ ತೆಗೆದುಕೊಳ್ಳಿ. ಒಮೆಗಾ-3 ಕೊಬ್ಬು ಇವುಗಳಲ್ಲಿ ಧಾರಾಳವಾಗಿದೆ. ಹುರಿಯುವ ಬದಲು ಹುಳಿ-ಖಾರದ ಪುಳಿಮುಂಚಿ ಸಾರು ಮಾಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ತಾಜಾ ಮೀನು ಕಡಿಮೆ. ಹಾಗೆಂದು ಉಪ್ಪಿನಲ್ಲಿ ಮುಳುಗಿದ ಒಣಮೀನಿಗೆ ಕೈಹಾಕಬೇಡಿ. ಮೀನೆಣ್ಣೆ ಗುಳಿಗೆಗೆ ದುಡ್ಡು ಸುರಿಯಬೇಕೆಂದು ನನಗನಿಸುವುದಿಲ್ಲ, ಅದರ ಪರೀಕ್ಷೆಗಳ ಫಲಿತಾಂಶ ಒಂದೇ ತೆರನಾಗಿಲ್ಲ.

ಇನ್ನು ನಂಜಿನ ಪಟ್ಟಿ. ಬದನೆಕಾಯಿ, ಮೀನು, ಮೊಟ್ಟೆ, ಅವರೆಕಾಯಿ ಎಲ್ಲವೂ ನಂಜು ಎನ್ನುತ್ತಾರೆ ನಮ್ಮ ಅತ್ತೆ. ಅವರ ಮಾತು ಪೂರ್ತಿ ಕೇಳಿದರೆ ಗಂಜಿಯೊಂದೇ ಉಳಿಯುತ್ತದೆ. ಅನುಮಾನವಿದ್ದರೆ ಒಂದು ಪದಾರ್ಥವನ್ನು ಮಾತ್ರ ಒಂದೂವರೆ ತಿಂಗಳು ಬಿಟ್ಟು, ಮತ್ತೆ ತಿಂದು ನೋಡಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ಮೂರನ್ನು ಒಟ್ಟಿಗೆ ಬಿಟ್ಟರೆ ಏನೂ ತಿಳಿಯುವುದಿಲ್ಲ. ಕಾಲವನ್ನೂ ನೋಡಿಕೊಳ್ಳಿ. ಅವರೆಕಾಯಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಚಳಿಗೆ ಸೋರಿಯಾಸಿಸ್ ಹೆಚ್ಚಾಗುವುದೂ ಆಗಲೇ. ಕಾಫಿ ಕೊಯ್ಲಿನಲ್ಲಿ ಕೈಕಾಲು ತರಚಿ, ತರಚಿದ ಜಾಗದಲ್ಲೇ ಹೊಸ ಕಲೆ ಏಳುವುದೂ ಆಗಲೇ. ಬೈಗುಳ ಮಾತ್ರ ಅವರೆಕಾಯಿಗೆ! ಗೋಧಿ ಬಿಡಬೇಕೆನ್ನುವವರು ಮೊದಲು ಸೀಲಿಯಾಕ್ ಕಾಯಿಲೆಯ (ಗೋಧಿಯ ಅಂಟು ಪ್ರೋಟೀನ್ ಕರುಳಿಗೆ ಒಗ್ಗದ ಕಾಯಿಲೆ) ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ; ಅದರಲ್ಲಿ ಏನೂ ಕಾಣದಿದ್ದರೆ ಚಪಾತಿ ತಿನ್ನಬಹುದು.

ಕುಡಿತದ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ತೋಟದವರ ಸಂಜೆಯ ಗ್ಲಾಸು ಬಿಡಿಸುವುದು ಊಟ ಬದಲಿಸಿದಷ್ಟು ಸುಲಭವಲ್ಲ, ಬಲ್ಲೆ. ಆದರೆ ಮದ್ಯ ಕಾಯಿಲೆಯನ್ನು ಕೆರಳಿಸುತ್ತದೆ. ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುವವರಿಗೆ ಯಕೃತ್ತಿನ ಹಾನಿಯ ಭಯವೂ ಸೇರಿಕೊಳ್ಳುತ್ತದೆ. ಸೋರಿಯಾಸಿಸ್‌ಗೆ ಆ ಮಾತ್ರೆ ವಾರಕ್ಕೊಂದೇ ದಿನ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ಬಡಿಸುವವರಿಗೂ ವಾರ ನೆನಪಿರಲಿ. ನಮ್ಮ ಮನೆಯಲ್ಲಿ ಮಂಗಳವಾರ.

ಬೆಳಗ್ಗೆ ಎದ್ದಾಗ ಬೆರಳು, ಸೊಂಟ ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡಿದ್ದರೆ, ಬೆರಳು ಊದಿದ್ದರೆ, ಕಾಯಿಲೆ ಕೀಲಿಗೆ ಇಳಿದಿರಬಹುದು. ಆಗ ಪಥ್ಯ ಹಿಡಿದು ಕಾಯುತ್ತಾ ಕೂರದೆ ವೈದ್ಯರ ಹತ್ತಿರ ಹೋಗಿ. ಕೀಲು ಒಮ್ಮೆ ಸವೆದರೆ ಮತ್ತೆ ಮೊದಲಿನಂತಾಗುವುದಿಲ್ಲ.