ಚಟ್ಟಿಯಲ್ಲಿ ತರಕಾರಿ: ಮಣ್ಣಿನ ಹದ, ಮಳೆಯ ಕಾಳಜಿ

ಕಾಸರಗೋಡಿನ ಮುರಕಲ್ಲು ಮಣ್ಣು ಹುಳಿ ಸ್ವಭಾವದ್ದಾದ ಕಾರಣ ಅದನ್ನು ಅಗೆದು ನೇರವಾಗಿ ಚಟ್ಟಿಗೆ ತುಂಬಬಾರದು. ಮಣ್ಣನ್ನು ಜರಡಿ ಹಿಡಿದು, ಸ್ವಲ್ಪ ಸುಣ್ಣದ ಹುಡಿ ಬೆರೆಸಿ, ನೀರು ಚಿಮುಕಿಸಿ ಎರಡು ವಾರ ಬಿಟ್ಟ ಬಳಿಕ, ಅಷ್ಟೇ ಪ್ರಮಾಣದಲ್ಲಿ ಕಳಿತ ಹಟ್ಟಿಗೊಬ್ಬರವನ್ನೂ ತೆಂಗಿನ ನಾರಿನ ಹುಡಿಯನ್ನೂ ಸೇರಿಸಬೇಕು. ನಾರಿನ ಹುಡಿಯನ್ನು ನೆನೆಹಾಕಿ, ಕಂದು ನೀರು ತಿಳಿಯಾಗುವವರೆಗೆ ತೊಳೆಯದಿದ್ದರೆ ಅದರ ಚೊಗರು ಎಳೆಯ ಬೇರುಗಳನ್ನು ಬಾಧಿಸುತ್ತದೆ. ಈ ಕೆಲಸದಲ್ಲಿ ಅವಸರ ಬೇಡವೆಂದು ಒತ್ತಿ ಹೇಳುತ್ತೇನೆ.

ಹರಿವೆಗೆ 15 ಸೆಂಟಿಮೀಟರ್ ಆಳ ಸಾಕು. ಬೆಂಡೆ, ಬದನೆಗಳಿಗೆ 30 ಸೆಂಟಿಮೀಟರ್ ಬೇಕು. ಬೆಂಡೆಯ ಬೀಜವನ್ನು ರಾತ್ರಿ ನೆನೆಸಿ ಬಿತ್ತಬೇಕು. ಬಸಳೆಗೆ ಎರಡು ಮೂರು ಗಂಟುಗಳಿರುವ ದಂಟಿನ ತುಂಡು ಸಾಕಾಗುತ್ತದೆ. ಸಾಂಬ್ರಾಣಿ ಸೊಪ್ಪೂ ಕುಡಿಯಿಂದಲೇ ಚಿಗುರುತ್ತದೆ, ಆದರೆ ಅದಕ್ಕೆ ಹೆಚ್ಚು ನೀರಾಗದು. ತುಳುವರು ತಿಮರೆ ಎನ್ನುವ ಒಂದೆಲಗಕ್ಕೆ ಮಾತ್ರ ಸದಾ ತೇವವಿರುವ ನೆರಳಿನ ಚಟ್ಟಿಯೇ ಸೂಕ್ತ.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮಲ್ಲಿ ಚಟ್ಟಿಯ ಗಿಡಗಳು ಬಾಯಾರಿಕೆಗಿಂತ ಬೇರು ಕೊಳೆತೇ ಹೆಚ್ಚು ಸಾಯುತ್ತವೆ. ಆದ್ದರಿಂದ ತಳದ ತೂತಿನ ಮೇಲೆ ಹಂಚಿನ ಚೂರೊಂದನ್ನು ಬೆನ್ನು ಮೇಲಾಗಿ ಇಟ್ಟು, ಚಟ್ಟಿಯನ್ನು ಎರಡು ಇಟ್ಟಿಗೆಗಳ ಮೇಲೇರಿಸಿ, ಜೂನ್ ತಿಂಗಳಿಗೆ ಮೊದಲೇ ಮಾಡಿನ ಅಂಚಿನ ಒಳಗೆ ಸರಿಸಬೇಕು. ಬೇಸಗೆಯಲ್ಲಿ ಬೆರಳನ್ನು ಒಂದು ಗಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಅಲಸಂಡೆಯ ಕುಡಿಗೆ ಕಪ್ಪು ಹೇನು ಮುತ್ತಿದರೆ, ಮುಂಜಾನೆ ಇಬ್ಬನಿ ಆರುವ ಮೊದಲೇ ಒಲೆಯ ಬೂದಿಯನ್ನು ತೆಳುವಾಗಿ ಉದುರಿಸಬೇಕು.