ರೊಟ್ಟಿ ಹಂಚಿನ ಮೇಲೆ ಹೂಕೋಸು

ನಮ್ಮ ಗಂಗಾವತಿಯಲ್ಲಿ ಸಂಜೆಯಾದರೆ ಗೋಬಿ ಮಂಚೂರಿ ಗಾಡಿಗಳ ಮುಂದೆ ಜನ ಮುತ್ತಿರುತ್ತಾರೆ. ನನ್ನ ಮಗನಿಗೂ ಅದೇ ಬೇಕು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಹೇರಿತು, ನೆನಪಿದೆ ಅಲ್ವಾ? ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ಓದಿದ ದಿನದಿಂದ ನಮ್ಮ ಮನೆಗೆ ಹೂಕೋಸು ಇಡೀ ಗಡ್ಡೆಯಾಗಿಯೇ ಬರುತ್ತಿದೆ.

ಮೊದಮೊದಲು ಕೆಡಿಸಿದೆ. ಹುಳದ ಭಯಕ್ಕೆ ಹತ್ತು ನಿಮಿಷ ಕುದಿಸುತ್ತಿದ್ದೆ. ಹೂವು ನೀರು ಕುಡಿದು ಮೆತ್ತಗಾಗುತ್ತಿತ್ತು, ಮಸಾಲೆ ಹಿಡಿಯುತ್ತಿರಲಿಲ್ಲ, ಅಡುಗೆಮನೆ ತುಂಬಾ ಒಂಥರಾ ಗಬ್ಬು ವಾಸನೆ. ಒಂದಿನ ಅತ್ತೆ ಕೇಳಿದರು: "ಬದನಿಕಾಯಿ ಕುದಿಸಿ ಎಣ್ಣಿಗಾಯಿ ಮಾಡ್ತೀಯೇನವ್ವಾ? ಮತ್ತ ಇದನ್ಯಾಕ ಕುದಿಸ್ತಿ?"

ಆ ಮಾತೇ ದಾರಿ ತೋರಿಸಿತು. ಈಗ ನೀರು ಕಾಯಿಸಿ, ಉಪ್ಪು, ಅರಿಶಿನ ಹಾಕಿ, ಒಲೆ ಆರಿಸಿದ ಮೇಲೆ ಹೂವು ಮುಳುಗಿಸುತ್ತೇನೆ. ಐದು ನಿಮಿಷ ಸಾಕು, ಹುಳ ಇದ್ದರೆ ಮೇಲೆ ತೇಲುತ್ತವೆ. ಆಮೇಲೆ ಹತ್ತಿ ಬಟ್ಟೆ ಮೇಲೆ ಬೋರಲು ಹಾಕಿ ಅರ್ಧ ಗಂಟೆ ಫ್ಯಾನ್ ಕೆಳಗೆ. ಈ ಒಣಗಿಸುವ ಕೆಲಸ ಬಿಟ್ಟರೆ ಮುಂದೆ ಏನು ಮಾಡಿದರೂ ರುಚಿ ಕೂಡುವುದಿಲ್ಲ.

ಎಣ್ಣೆಗಾಯಿಗೆ ಅರ್ಧ ಕೆಜಿ ಹೂವಿಗೆ ಒಂದು ಮುಷ್ಟಿ ಹುರಿದ ಶೇಂಗಾ, ಎರಡು ಚಮಚ ಗುರೆಳ್ಳು, ಸ್ವಲ್ಪ ಒಣಕೊಬ್ಬರಿ, ಆರೇಳು ಎಸಳು ಬೆಳ್ಳುಳ್ಳಿ, ಖಾರದ ಪುಡಿ, ಉಪ್ಪು, ಹುಣಸೆ, ಬೆಲ್ಲ. ಗುರೆಳ್ಳು ಚಟಪಟ ಅಂದ ಕೂಡಲೇ ಇಳಿಸಿ, ತಡವಾದರೆ ಕಹಿ. ತರಿತರಿಯಾಗಿ ಕುಟ್ಟಿ, ದೊಡ್ಡ ತುಂಡುಗಳ ಕೆಳಗಿನಿಂದ ಬೆರಳಲ್ಲಿ ಒತ್ತಿ ತುಂಬಬೇಕು. ದಪ್ಪ ತಳದ ಬಾಣಲೆ, ಧಾರಾಳ ಎಣ್ಣೆ, ಸಣ್ಣ ಉರಿ, ಮೇಲೊಂದು ಮುಚ್ಚಳ. ನೀರು ಬೇಡವೇ ಬೇಡ, ಹೂವಿನ ನೀರಲ್ಲೇ ಬೇಯುತ್ತದೆ. ಕಡಕ್ ರೊಟ್ಟಿ ಜೊತೆ ಇದನ್ನು ತಿನ್ನಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಹಂಚಿನ ಹೂಕೋಸು. ಗಡ್ಡೆಯ ನಡುಭಾಗದಲ್ಲಿ ದಂಟು ಹಿಡಿದುಕೊಂಡಿರುವ ಕಡೆ ಬೆರಳು ದಪ್ಪದ ಎರಡು ಹೋಳು ಸಿಗುತ್ತವೆ. ಎಣ್ಣೆ, ಉಪ್ಪು ಸವರಿ, ರೊಟ್ಟಿ ಮಾಡಿ ಮುಗಿದ ಬಿಸಿ ಹಂಚಿನ ಮೇಲೆ ಇಟ್ಟು ಸುಮ್ನೆ ಬಿಟ್ಟುಬಿಡಿ. ಪದೇ ಪದೇ ತಿರುವಬಾರದು. ಅಂಚು ಕೆಂಪಗಾಗಿ, ತುದಿಯ ಮೊಗ್ಗುಗಳು ಕಪ್ಪಾಗುವಾಗ ಸೀತನಿ (ಎಳೆ ಜೋಳದ ತೆನೆ) ಸುಟ್ಟಂಥ ವಾಸನೆ ಬರುತ್ತದೆ. ಆಗ ತಿರುವಿ. ಮೇಲೆ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ, ನಿಂಬೆ ಹಿಂಡಿದರೆ ಆಯಿತು.

ಮಗನ ಮಂಚೂರಿಯೂ ನಡೆಯುತ್ತದೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬುತ್ತೇನೆ. ಕೆಂಪು ಜಾಸ್ತಿ, ಖಾರ ಕಡಿಮೆ. ಗರಿಗರಿಯಾಗಲು ಅಕ್ಕಿಹಿಟ್ಟಿಗೆ ಒಂದು ಹಿಡಿ ಜೋಳದ ಹಿಟ್ಟು ಸೇರಿಸಿ, ಒಮ್ಮೆ ಕರಿದು, ಆರಿಸಿ, ಮತ್ತೊಮ್ಮೆ ಕರಿಯುತ್ತೇನೆ.

ಎಲೆ, ದಂಟು ಬಿಸಾಡಬೇಡಿ. ದಂಟಿನ ನಾರು ಸಿಪ್ಪೆ ಹೆರೆದು, ಎಳೆ ಎಲೆಗಳ ಜೊತೆ ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮರುದಿನ ಬೆಳಗಿನ ಬುತ್ತಿಗೆ ಪಲ್ಯ ತಯಾರು.