ಬಿಪಿ ಲೋ, ಎದೆ ಮಾತ್ರ ಢವಢವ: ಶರಬತ್ತು ಕಲಸೋಕ್ ಮುಂಚೆ ಇಷ್ಟು ನೋಡಿ

ನಮ್ ತೀರ್ಥಹಳ್ಳಿ ಕಡೆ ಯಾರಿಗಾದ್ರೂ ತಲೆ ತಿರುಗ್ತು ಅಂದ್ರೆ ಸಾಕು, "ಲೋ ಬಿಪಿ ಆಗಿರ್ಬೇಕು, ನಿಂಬೆ ಶರಬತ್ತಿಗೆ ಒಂಚೂರು ಉಪ್ಪು ಹಾಕ್ ಕೊಡಿ" ಅಂತ ನಾಲ್ಕ್ ಜನ ಹೇಳ್ತಾರೆ. ಹೋದ್ವರ್ಷ ಅಡಿಕೆ ಸುಗ್ಗಿಲಿ ನಮ್ ದೊಡ್ಡಪ್ಪಂಗೂ ಅದೇ ಮಾಡಿದ್ವಿ. ಮೆಟ್ಟುಗತ್ತಿ ಮುಂದಿಂದ ಎದ್ದವ್ರು ಜಗಲಿ ಕಂಬ ಹಿಡ್ಕಂಡ್ ನಿಂತ್ರು, ಮುಖ ಬಿಳುಚಿಕೊಂಡಿತ್ತು, ಬನಿಯನ್ ಪೂರ್ತಿ ತಣ್ಣನೆ ಬೆವರು. ಮಷೀನ್ ಕಟ್ಟಿದ್ರೆ 92/58, ಅದ್ರ ಕೆಳಗೆ ಪಲ್ಸ್ 118. ನಾವೆಲ್ಲ ಮೇಲಿನ್ ನಂಬರ್ ನೋಡಿ ನಿಂಬೆಹಣ್ಣು ಹುಡ್ಕೋಕ್ ಹೋದ್ವಿ, ಆ 118 ಯಾರ್ ಕಣ್ಣಿಗೂ ಬೀಳ್ಲಿಲ್ಲ. ಸಂಜೆ ದೊಡ್ಡಮ್ಮ ಕೆದಕಿ ಕೆದಕಿ ಕೇಳಿದ್ಮೇಲೆ ಬಾಯ್ಬಿಟ್ರು, ಎರಡ್ ದಿನದಿಂದ ಕಕ್ಕಸು ಡಾಂಬರ್ ಥರ ಕಪ್ಪಗೆ ಹೋಗ್ತಿದೆ ಅಂತ. ಮಂಡಿನೋವಿನ ಮಾತ್ರೆ ಖಾಲಿ ಹೊಟ್ಟೆಗೆ ನುಂಗಿ ನುಂಗಿ ಹುಣ್ಣಾಗಿ ಒಳಗೊಳಗೇ ರಕ್ತ ಹೋಗ್ತಿತ್ತು. ಶರಬತ್ತಿಗೆ ಎಲ್ಲಿ ಸರಿ ಹೋಗುತ್ತೆ ಮಾರಾಯ್ರೆ.

ತೋಟಕ್ಕೆ ನೀರು ಬಿಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಸ್ಪ್ರಿಂಕ್ಲರ್ ತಿರುಗ್ತಿಲ್ಲ ಅಂದ್ರೆ ಬಾವಿಲಿ ನೀರಿಲ್ಲ, ಇಲ್ಲ ಮೋಟರ್ ಸರಿ ಇಲ್ಲ, ಇಲ್ಲ ಪೈಪಿನದ್ದೇ ಎಂತದ್ದೋ ತೊಂದ್ರೆ. ಮೈಯಲ್ಲೂ ಹಂಗೇ, ಬಾವಿ ಅಂದ್ರೆ ಮೈಲಿರೋ ನೀರು-ರಕ್ತ, ಮೋಟರ್ ಅಂದ್ರೆ ಹೃದಯ, ಪೈಪ್ ಅಂದ್ರೆ ರಕ್ತನಾಳ. ಕತ್ತಿನ ರಕ್ತನಾಳದಲ್ಲಿ ಪ್ರೆಶರ್ ನೋಡೋ ಸೆನ್ಸರ್ ಇದೆ, ಪ್ರೆಶರ್ ಇಳೀತು ಅಂತ ಗೊತ್ತಾದ್ ಕೂಡ್ಲೇ ಹೃದಯನ ಜೋರಾಗಿ ಓಡ್ಸುತ್ತೆ. ಅಂದ್ರೆ ಸುಮಾರು ಸಲ ಆ ಢವಢವ ರೋಗ ಅಲ್ಲ, ಬೇರೆ ಎಲ್ಲೋ ಕಮ್ಮಿ ಆಗಿರೋದನ್ನ ಹೃದಯ ತುಂಬಿ ಕೊಡೋಕ್ ಒದ್ದಾಡ್ತಿರೋದು.

ಮೊದ್ಲು ಸರಿಯಾಗಿ ಅಳೀರಿ. ಹುಷಾರ್ ತಪ್ಪಿದೋರನ್ನ ಐದ್ ನಿಮಿಷ ಮಲಗ್ಸಿ, ಪಟ್ಟಿ ತೋಳಿಗೆ ಕಟ್ಟಿ, ಬಿಪಿ ಪಲ್ಸ್ ಎರಡೂ ಬರ್ಕೊಳ್ಳಿ. ಆಮೇಲೆ ನಿಲ್ಸಿ ಒಂದ್ ನಿಮಿಷಕ್ಕೆ, ಮೂರ್ ನಿಮಿಷಕ್ಕೆ ಮತ್ತೆ ನೋಡಿ (ಆಗ್ಲೇ ತೂಗಾಡ್ತಿರೋರನ್ನ ನಿಲ್ಸೋಕ್ ಹೋಗ್ಬೇಡಿ). ಮೇಲಿನ ನಂಬರ್ 20 ಅಥವಾ ಕೆಳಗಿನದ್ದು 10 ಇಳಿದ್ರೆ ಎದ್ದಾಗ ಬಿಪಿ ಬೀಳ್ತಿದೆ ಅಂತ ಅರ್ಥ. ಸಾಮಾನ್ಯವಾಗಿ 90/60ಕ್ಕಿಂತ ಕೆಳಗೆ ಲೋ, ಸುಮ್ನೆ ಕೂತಿರೋವಾಗ ಪಲ್ಸ್ 100 ದಾಟಿದ್ರೆ ಜಾಸ್ತಿ. ಆದ್ರೆ ಮೇಲಿನ ಬಿಪಿ ನಂಬರ್ ಯಾವಾಗ್ಲೂ 150 ಇರೋರಿಗೆ 100 ಆದ್ರೂ ಲೋನೇ. ಪಲ್ಸ್ ನಂಬರ್ ಮೇಲಿನ ಬಿಪಿ ನಂಬರನ್ನೇ ದಾಟಿದ್ರೆ, ದೊಡ್ಡಪ್ಪಂದು ದಾಟಿತ್ತಲ್ಲ, ಆಗ ಮನೆಲಿ ಕೂರ್ಬೇಡಿ. ಬಡಿತ ಎರ್ರಾಬಿರ್ರಿ ಇದ್ರೆ ಮಷೀನ್ ಲೆಕ್ಕ ತಪ್ಪುತ್ತೆ, ಮಣಿಕಟ್ಟು ಹಿಡಿದು ಪೂರ್ತಿ ಒಂದ್ ನಿಮಿಷ ಎಣಿಸಿ.

ಈಗ ಬಾವಿ ಕಡೆ ಬನ್ನಿ. ಬೇಧಿ, ವಾಂತಿ, ಬಿಸಿಲಲ್ಲಿ ಕೆಲ್ಸ ಮಾಡಿ ನೀರು ಕುಡೀದೇ ಇರೋದು, ಇವು ದಿನಾ ನೋಡೋವು, ಒಂದ್ ಲೀಟರ್ ನೀರಿಗೆ ಒಂದ್ ದೊಡ್ಡ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಹಾಕಿ ಸ್ವಲ್ಪ ಸ್ವಲ್ಪ ಕುಡಿಸಿ, ಅರ್ಧ ಪ್ಯಾಕೆಟ್ ಅಂದಾಜಿಗೆ ಕಲಸೋ ಬುದ್ಧಿ ಬಿಡಿ. ಹಾರ್ಟ್, ಕಿಡ್ನಿ ತೊಂದ್ರೆ ಇರೋರಿಗೆ ಮಾತ್ರ ಡಾಕ್ಟ್ರನ್ನ ಕೇಳ್ದೇ ಉಪ್ಪು ನೀರು ಸುರೀಬೇಡಿ. ರಕ್ತ ಹೋಗೋದು ಇದಕ್ಕಿಂತ ಮೋಸ, ಹೊರಗೆ ಕಾಣಲ್ಲ. ಕಕ್ಕಸಿನ ಬಣ್ಣ ಕೇಳಿ, ನಾಚ್ಕೋಬೇಡಿ, ಐರನ್ ಮಾತ್ರೆಗೂ ಕಪ್ಪಗಾಗುತ್ತೆ ಆದ್ರೆ ಡಾಂಬರ್ ಥರ ಅಂಟಂಟಾಗಿ ಗಬ್ಬು ನಾತ ಇದ್ರೆ ರಕ್ತಾನೇ ಅಂದ್ಕೊಂಡು ಹೊರಡಿ. ಮುಟ್ಟು ತಪ್ಪಿರೋ ಹೆಣ್ಮಕ್ಳಿಗೆ ಕಿಬ್ಬೊಟ್ಟೆ ನೋವು ಬಂದು ಹಿಂಗಾದ್ರೆ ಗರ್ಭನಾಳದಲ್ಲಿ ಬಸಿರು ನಿಂತು ಒಡೆದಿರಬಹುದು, ಅದಕ್ಕೆ ಒಂದ್ ಗಂಟೆನೂ ಕಾಯೋ ಹಂಗಿಲ್ಲ.

ಮೋಟರ್ ತೊಂದ್ರೆ ಅಂದ್ರೆ ಹಾರ್ಟ್ ಅಟ್ಯಾಕ್, ಇಲ್ಲ ಬಡಿತಾನೇ ತಾಳ ತಪ್ಪಿ 150 ಮೇಲೆ ಓಡೋದು. ಇಲ್ಲಿ ಓಟಾನೇ ಕಾಯಿಲೆ, ತುಂಬೋಕೆ ಟೈಮ್ ಸಿಗ್ದೆ ಪಂಪ್ ಖಾಲಿ ಹೊಡೆಯುತ್ತೆ. ತುಂಬಾ ದಿನ ಮಲಗಿದ್ದೋರಿಗೆ ಕಾಲಿಂದ ರಕ್ತದ ಗಂಟು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಾಕೊಂಡ್ರೆ ಪೈಪೇ ಬ್ಲಾಕ್ ಆದ ಹಂಗೆ, ಇದ್ದಕ್ಕಿದ್ದಂಗೆ ಉಸಿರು ಕಟ್ಟುತ್ತೆ.

ಪೈಪ್ ಸಡಿಲ ಆಗೋದ್ರಲ್ಲಿ ನಮ್ ಮಲೆನಾಡಿಗೆ ಪಾಲು ಜಾಸ್ತಿ. ಹೆಜ್ಜೇನು, ಕಣಜ ಕಚ್ಚಿ ಮೈಯೆಲ್ಲ ದದ್ದೆದ್ದು ಉಸಿರಾಟ ಕಷ್ಟ ಆದ್ರೆ ಸುಣ್ಣ ಹಚ್ತಾ ಕೂರ್ಬೇಡಿ, ತೊಡೆಗೆ ಅಡ್ರಿನಾಲಿನ್ ಇಂಜೆಕ್ಷನ್ ಬೇಕು, ಅಲ್ಲಿತನಕ ಎದ್ದು ನಡೆಸ್ಬೇಡಿ. ಜ್ವರದ ಜೊತೆ ಲೋ ಬಿಪಿ ಅಂದ್ರೆ ಸೋಂಕು ರಕ್ತಕ್ಕೆ ಏರಿರಬಹುದು. ಗದ್ದೆ ಕೆಸರಲ್ಲಿ ಕೆಲ್ಸ ಮಾಡಿದ್ಮೇಲೆ ಕಣ್ಣು ಕೆಂಪಾಗಿ ಮೀನಖಂಡ ಸೆಳೆದ್ರೆ ಇಲಿಜ್ವರ ನೆನಪಿರ್ಲಿ. ಡೆಂಗಿಲಿ ಜ್ವರ ಬಿಟ್ಟ ದಿನಾನೇ ಅಪಾಯ, ನೀರು ರಕ್ತನಾಳದಿಂದ ಹೊರಗೆ ಸೋರುತ್ತೆ, ಮೇಲಿನ ಕೆಳಗಿನ ನಂಬರ್ ಮಧ್ಯ 20 ಅಥವಾ ಅದಕ್ಕಿಂತ ಕಮ್ಮಿ ಅಂತರ ಇದ್ರೆ ಓಡಿ. ಒಂದ್ ಕಿತಾಪತಿ ಏನಂದ್ರೆ, 1957ರಲ್ಲಿ ನಮ್ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಪತ್ತೆ ಆದ ಮಂಗನ ಕಾಯಿಲೆಲಿ ಬಿಪಿ ಇಳಿದ್ರೂ ಪಲ್ಸ್ ಜ್ವರಕ್ಕೆ ತಕ್ಕಂಗೆ ಏರ್ದೇ ಇರಬಹುದು. ಅಟೆನೊಲೊಲ್, ಮೆಟೊಪ್ರೊಲೊಲ್ ಥರದ ಹೃದಯದ ಬಡಿತ ನಿಧಾನ ಮಾಡೋ ಮಾತ್ರೆ ತಗೊಳೋರಿಗೂ ಹಂಗೇ, ಪಲ್ಸ್ 80 ಇದೆ ಅಂತ ನಿಶ್ಚಿಂತೆ ಬೇಡ.

ಮಾತ್ರೆ ಡಬ್ಬಿನೂ ಒಮ್ಮೆ ಸುರಿದು ನೋಡಿ. ಬಿಪಿ ಮಾತ್ರೆ, ಮೂತ್ರ ಹೋಗೋ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡೋ ಟ್ಯಾಮ್ಸುಲೋಸಿನ್, ಇವೆಲ್ಲ ಬೇಧಿ ಆಗೋವಾಗ ಸೇರ್ಕೊಂಡ್ರೆ ಬಿಪಿ ಧೊಪ್ಪನೆ ಬೀಳುತ್ತೆ, ಇವತ್ತಿನ ಡೋಸ್ ತಗೋಬೇಕಾ ಅಂತ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ. ವರ್ಷಗಟ್ಲೆ ಸ್ಟೀರಾಯ್ಡ್ ನುಂಗಿ ಥಟ್ಟನೆ ಬಿಟ್ಟೋರಿಗೂ ಹಿಂಗಾಗುತ್ತೆ.

ಎದೆನೋವು, ಉಸಿರುಕಟ್ಟು, ಗೊಂದಲದ ಮಾತು, ತಣ್ಣಗಾದ ಕೈಕಾಲು, ಆರೇಳ್ ಗಂಟೆಯಿಂದ ಮೂತ್ರ ಇಲ್ಲ, ಇದ್ರಲ್ಲಿ ಒಂದಿದ್ರೂ 108. ಮನೆ ಹತ್ರ ಸಿಗ್ನಲ್ ಇಲ್ಲ ಅಂದ್ರೆ ಒಬ್ರನ್ನ ದಿಬ್ಬಕ್ಕೆ ಓಡ್ಸಿ. ಅಲ್ಲಿತನಕ ಮಲಗ್ಸಿ ಕಾಲ್ ಕೆಳಗೆ ದಿಂಬು ಇಡಿ, ಉಸಿರಾಟ ಕಷ್ಟ ಇದ್ರೆ ಮಾತ್ರ ಒರಗ್ಸಿ ಕೂರ್ಸಿ, ಪ್ರಜ್ಞೆ ಇಲ್ದೋರ ಬಾಯಿಗೆ ಎಂತದೂ ಹಾಕ್ಬೇಡಿ. ಬೈಕ್ ಮಧ್ಯ ಕೂರ್ಸ್ಕೊಂಡ್ ಹೋಗೋದಂತೂ ಬೇಡವೇ ಬೇಡ. ಬರ್ಕೊಂಡ ಚೀಟಿ, ಮಾತ್ರೆ ಕವರ್ ಎರಡೂ ಜೇಬಲ್ಲಿಟ್ಕೊಳ್ಳಿ, ದೊಡ್ಡಪ್ಪನ ನೋಡಿದ ಡಾಕ್ಟ್ರು ಮೊದ್ಲು ಕೇಳಿದ್ದೇ ಅದನ್ನ.